ನಾಟ್ಯದ ಗುಣದೋಷಗಳನ್ನು ಬರೆದಿಡುವ ವಿದ್ಯೆ

ನಾಟ್ಯವನ್ನು ಶಾಲೆಯಲ್ಲಿ ಕಲಿಸುವುದೂ, ವಿದ್ಯಾರ್ಥಿಯಿಂದ ಪ್ರಯೋಗವಿಮರ್ಶೆಯನ್ನು ಬರೆಯಿಸಿ ಅವನ ಯೋಗ್ಯತೆಯನ್ನು ಅಳೆಯುವುದೂ ಪರದೇಶದಿಂದ ಬಂದ ಪದ್ಧತಿಯೆಂದು ಹಲವರ ತಿಳುವಳಿಕೆ. ಶಾಲೆಯು ಹೊಸದಾಗಿರಬಹುದು, ಬರಹವು ಹೊಸದಲ್ಲ.

ಭರತನ ನಾಟ್ಯಶಾಸ್ತ್ರದ 27ನೆಯ ಅಧ್ಯಾಯವು ಪ್ರಯೋಗದ ಸಿದ್ಧಿಯನ್ನು ಕುರಿತದ್ದು. ಅಲ್ಲಿ ತೀರ್ಪು ಹೇಳುವವರಿಗೆ ಪ್ರಾಶ್ನಿಕರೆಂದು ಹೆಸರು. ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಅರಿತವನು, ವೈಯಾಕರಣ, ಚಿತ್ರಗಾರ, ವೇಶ್ಯೆ, ಗಾಯಕ ಮೊದಲಾದವರು ತಮತಮಗೆ ತಿಳಿದ ವಿಷಯದಲ್ಲಿ ಮಾತ್ರ ಪರೀಕ್ಷಕರು. ಅವರು ರಂಗಕ್ಕೆ ತೀರ ಸಮೀಪವಾಗಿಯೂ ತೀರ ದೂರವಾಗಿಯೂ ಕುಳಿತಿರಬಾರದು. ಸಿದ್ಧಿಗಳನ್ನೂ ಘಾತಗಳನ್ನೂ ಎಣಿಸಲು ಗಣಕನು, ಬರೆದಿಡಲು ಲೇಖಕನು, ಗೆದ್ದವರಿಗೆ ಪತಾಕೆ. ಆದರೆ ಗುಣವಿಲ್ಲದ, ಇಲ್ಲವೆ ದೋಷವೇ ಇಲ್ಲದ ಪ್ರಯೋಗವು ಲೋಕದಲ್ಲಿ ಇರಲಾರದು. ಆದುದರಿಂದ ಸಣ್ಣ ದೋಷಗಳನ್ನು ಬಹಳವಾಗಿ ಎಣಿಸಲಾಗದೆಂದೂ ಅಲ್ಲಿಯೇ ವಿಧಿಯಿದೆ.

ಇಂತಹ ಬರಹದ ಬೆಲೆಯನ್ನು ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯವರು ಚೆನ್ನಾಗಿ ಅರಿಯಬಲ್ಲರು. ಕಾಗವಾಡದ ನೆರೆಯ ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿಸಿದರು. ಸೂತ್ರಧಾರನು ಪದಗಳನ್ನು ಹಾಡುವನು. ಪಾತ್ರಧಾರಿಗಳು ಮಾತುಗಳನ್ನು ಆಗಿಂದಾಗಲೇ ಹೊಸೆಯುವರು. ಪದಗಳು ಬರಹಕ್ಕೆ ಬಂದುವು. ಮಾತುಗಳು ಆಡಿದಲ್ಲಿಯೇ ಅಡಗಿದುವು. ಇತ್ತ ರಾಯಬಾಗಕ್ಕೆ ನೆರೆಯಾದ ಗೋಕಾವಿಯ ಸೀಮೆಯಲ್ಲಿ ಕುಲಗೋಡ ತಮ್ಮಣ್ಣನು ಅಪರಾಳ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ವನ್ನು ತಿದ್ದಿ ಬೆಳೆಸಿದನು. ಅದೇ ಸೀಮೆಯ ಕೌಜಲಗಿ ನಿಂಗಮ್ಮನು ಆ ಆಟದಲ್ಲಿ ಹೆಸರಾದಳು. ಇಡೀ ರಾತ್ರಿ ಕುಳಿತು ನೋಡಿದ ಊರ ಹಿರಿಯರು ಬೆಳಗಾಗುತ್ತಲೇ ಕಟ್ಟೆಯ ಮೇಲೆ ಗುಣದೋಷಗಳನ್ನು ಆಡುವರು. ಅದು ನಿಜವಾದ ವಿಮರ್ಶೆಯೇ ಸರಿ. ಆದರೆ ಲೇಖಕನಿಲ್ಲದ ಪ್ರಾಶ್ನಿಕಸಭೆ. ಆಟದ ಹಾಡು ಉಳಿಯಿತು, ಆಟವನ್ನು ಅಳೆದ ಮಾತು ಅಳಿಯಿತು.

ಮುಂದೆ ಶಾಲೆಗಳು ಬಂದುವು. ದಿಲ್ಲಿಯಲ್ಲಿ 1959ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯು ಸ್ಥಾಪಿತವಾಯಿತು. ಅಲ್ಲಿ ಕಲಿತ ಬಿ. ವಿ. ಕಾರಂತರು ಮುಂದೆ ಅದರ ನಿರ್ದೇಶಕರಾದರು. ಕೆ. ವಿ. ಸುಬ್ಬಣ್ಣನವರ ನೀನಾಸಮ್ ಸಂಸ್ಥೆಯು ಹೆಗ್ಗೋಡಿನಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಬಿಜಾಪುರ ಸೀಮೆಯ ಆದ್ಯ ರಂಗಾಚಾರ್ಯರು ನಾಟ್ಯಶಾಸ್ತ್ರವನ್ನು ಕನ್ನಡಕ್ಕೆ ತಂದರು. ಹೀಗೆ ಭರತನ ಲೇಖಕನ ಆಸನವು ಕನ್ನಡ ವಿದ್ಯಾರ್ಥಿಗೆ ಮರಳಿ ದೊರೆಯಿತು.

ಆ ಆಸನದಲ್ಲಿ ಕುಳಿತವನ ಕರ್ತವ್ಯವೇನು? ಕಂಡುದನ್ನು ಕಂಡ ರಾತ್ರಿಯೇ ಗುರುತು ಹಾಕಿಕೊಳ್ಳುವುದು. ದೀಪ, ನಡೆ, ನುಡಿ, ಮೌನಗಳನ್ನು ಬೇರೆಬೇರೆಯಾಗಿ ಬರೆಯುವುದು. “ಅಭಿನಯವು ಸೊಗಸಾಗಿತ್ತು” ಎಂಬ ಬರಿಮಾತನ್ನು ಹೊಡೆದುಹಾಕಿ, ಯಾವ ಚಲನೆಯಿಂದ ಯಾವ ಭಾವವು ಹುಟ್ಟಿತೆಂಬುದನ್ನು ಅಲ್ಲಿಡುವುದು. ತಾನರಿಯದ ಅಂಗದ ಮೇಲೆ ತೀರ್ಪನ್ನು ಕೊಡದಿರುವುದು. ಎರಡು ದಿನ ಬಿಟ್ಟು ಗಟ್ಟಿಯಾಗಿ ಓದಿ, ಪ್ರಯೋಗವನ್ನು ನೋಡದವನಿಗೆ ತಿಳಿಯುವುದೋ ಎಂದು ಪರೀಕ್ಷಿಸಿ ತಿದ್ದುವುದು. ತಿದ್ದುವಾಗ ಶಬ್ದದ ಅಲಂಕಾರವು ಹೆಚ್ಚಬಾರದು, ಸಾಕ್ಷ್ಯವು ಹೆಚ್ಚಬೇಕು.

ನಾಟಕವು ತೆರೆ ಬಿದ್ದೊಡನೆ ಮುಗಿಯುವ ಕಲೆ. ವಿದ್ಯಾರ್ಥಿಯು ಅಂಕಗಳಿಗಾಗಿ ಬರೆದ ನಾಲ್ಕು ಪುಟಗಳೇ ಮುಂದೊಂದು ದಿನ ಆ ರಾತ್ರಿಯ ಏಕೈಕ ಸಾಕ್ಷಿಯಾಗಬಹುದು. ನಮ್ಮ ತರುಣರು ಈ ಜವಾಬುದಾರಿಯನ್ನು ಅರಿತು ಲೇಖನಿಯನ್ನು ಹಿಡಿಯಲಿ.