ಬಲ ಕೂಡಿತು, ಬಾಳಿಕೆ ಕೂಡಲಿಲ್ಲ: ಬ್ಲೋವರ್ ಬೆಂಟ್ಲಿಯ ಕಥೆ

ಇವತ್ತಿನ ನನ್ನ ಮಾತಿಗೆ ಕಾರಣ ನನ್ನ ಮಗ. ಅವನ ಹಳೆಯ ಕಾರಿನಲ್ಲಿ ಸೂಪರ್‌ಚಾರ್ಜರ್ ಇದೆ. ಹೋದ ತಿಂಗಳು, "ಅಮ್ಮಾ, ಸೂಪರ್‌ಚಾರ್ಜರಿನ ಪುಲ್ಲಿ ತೆಗೆದು ಚಿಕ್ಕದೊಂದು ಹಾಕಿಸಿದರೆ ಕಾರು ಇನ್ನೂ ಜೋರಾಗಿ ಓಡುತ್ತೆ" ಅಂದ. "ಹಾಗಿದ್ದರೆ ಕಾರು ಮಾಡಿದವರೇ ಯಾಕೆ ಚಿಕ್ಕದು ಹಾಕಲಿಲ್ಲ?" ಎಂದು ಕೇಳಿದೆ. ನಕ್ಕ, ಉತ್ತರ ಕೊಡಲಿಲ್ಲ. ಕನ್ನಡ ಎಂ.ಎ. ಓದಿದವಳಿಗೆ ಕಾರಿನ ಉಸಾಬರಿ ಯಾಕೆ ಅನ್ನಬೇಡಿ. ಅದೇ ಕಾರಿನಲ್ಲಿ ಅವನು ವಾರವಾರ ಮೋಟರ್‌ವೇಯಲ್ಲಿ ಓಡಾಡುತ್ತಾನೆ. ಉತ್ತರ ಹುಡುಕುತ್ತಾ ಹೋದಾಗ ನಾವಿರುವ ಈ ಇಂಗ್ಲೆಂಡಿನದೇ ಒಂದು ಕಥೆ ಸಿಕ್ಕಿತು.

ಸೂಪರ್‌ಚಾರ್ಜರ್ ಅಂದರೆ ಎಂಜಿನ್ನಿನ ಬಲದಿಂದಲೇ ತಿರುಗುವ ಗಾಳಿಯ ಪಂಪು. ಸೌದೆ ಒಲೆಗೆ ಊದುಗೊಳವೆಯಿಂದ ಊದಿದರೆ ಉರಿ ಏಳುತ್ತದಲ್ಲ, ಹಾಗೆಯೇ. ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಬಲ ಹೆಚ್ಚುತ್ತದೆ. ಶಾಖ ಮತ್ತು ಒತ್ತಡವೂ ಜೊತೆಗೇ ಹೆಚ್ಚುತ್ತವೆ.

ಫ್ರಾನ್ಸಿನ ಲೆ ಮಾನ್‌ನಲ್ಲಿ 24 ಗಂಟೆ ನಡೆಯುವ ರೇಸನ್ನು 1928ರಲ್ಲಿ ಗೆದ್ದದ್ದು ನಾಲ್ಕೂವರೆ ಲೀಟರಿನ ಬೆಂಟ್ಲಿ. ಅದರಲ್ಲಿ ಸೂಪರ್‌ಚಾರ್ಜರ್ ಇರಲಿಲ್ಲ. ಬೆಂಟ್ಲಿ ತಂಡದ ಟಿಮ್ ಬರ್ಕಿನ್ ಎಂಬ ಚಾಲಕನಿಗೆ ಅಷ್ಟು ವೇಗ ಸಾಲಲಿಲ್ಲ. ಆಂಹರ್ಸ್ಟ್ ವಿಲಿಯರ್ಸ್ ರೂಪಿಸಿದ ಸೂಪರ್‌ಚಾರ್ಜರನ್ನು ಅದೇ ಕಾರಿನ ಮೂತಿಗೆ ಜೋಡಿಸಲು ಹೊರಟ. ಡೊರೊಥಿ ಪ್ಯಾಜೆಟ್ ಎಂಬ ಶ್ರೀಮಂತ ಮಹಿಳೆ ಹಣ ಕೊಟ್ಟಳು. ಕಾರಿನ ಜನಕ ಡಬ್ಲ್ಯೂ. ಓ. ಬೆಂಟ್ಲಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಹೆಚ್ಚು ಬಲ ಬೇಕಿದ್ದರೆ ದೊಡ್ಡ ಎಂಜಿನ್ ಮಾಡಬೇಕು ಎಂಬುದು ಅವರ ನಿಲುವು.

ರೇಸಿನ ಕಾರಿನಲ್ಲಿ ಸುಮಾರು 130 ಇದ್ದ ಅಶ್ವಶಕ್ತಿ ಸುಮಾರು 240ಕ್ಕೆ ಏರಿತು. 1930ರ ಲೆ ಮಾನ್‌ನಲ್ಲಿ ಬರ್ಕಿನ್ ಚಕ್ರವನ್ನು ಹುಲ್ಲಿನ ಮೇಲಿಳಿಸಿ ಮರ್ಸಿಡಿಸ್ ಕಾರನ್ನು ಹಿಂದೆ ಹಾಕಿದ. ನೋಡುವವರಿಗೆ ಹಬ್ಬ! ಆದರೆ ಬೆಳಗಾದ ಮೇಲೆ ಓಟದಲ್ಲಿದ್ದ ಎರಡೂ ಬ್ಲೋವರ್ ಬೆಂಟ್ಲಿಗಳು ಎಂಜಿನ್ ಕೆಟ್ಟು ನಿಂತವು. ಗೆದ್ದದ್ದು ಬೆಂಟ್ಲಿಯವರದೇ ಆರೂವರೆ ಲೀಟರಿನ ಸ್ಪೀಡ್ ಸಿಕ್ಸ್. ಎರಡನೆಯ ಸ್ಥಾನವೂ ಅದೇ ಮಾದರಿಗೆ. ಅದಕ್ಕೆ ಸೂಪರ್‌ಚಾರ್ಜರ್ ಇರಲಿಲ್ಲ.

ಹಾಗಾದರೆ ಸೂಪರ್‌ಚಾರ್ಜರೇ ಕೆಟ್ಟದ್ದೇ? ಅಲ್ಲ. ಅದೇ ವರ್ಷ ಪೋ ಪಟ್ಟಣದಲ್ಲಿ ನಡೆದ ಫ್ರೆಂಚ್ ಗ್ರ್ಯಾನ್ ಪ್ರಿಯಲ್ಲಿ ಬರ್ಕಿನ್ ಅದೇ ಬಗೆಯ ಭಾರಿ ಕಾರನ್ನು ಎರಡನೆಯ ಸ್ಥಾನಕ್ಕೆ ತಂದ. ಅದು 24 ಗಂಟೆಯ ಓಟವಲ್ಲ ಅನ್ನುವುದನ್ನು ಗಮನಿಸಿ. 1931ರಲ್ಲಿ ಲೆ ಮಾನ್ ಗೆದ್ದ ಇಬ್ಬರು ಚಾಲಕರಲ್ಲಿ ಒಬ್ಬ ಇದೇ ಬರ್ಕಿನ್! ಆ ಕಾರು ಆಲ್ಫಾ ರೋಮಿಯೋ 8ಸಿ, ಅದಕ್ಕೆ ಸೂಪರ್‌ಚಾರ್ಜರ್ ಇತ್ತು. ಆದರೆ ವಿತ್ತೋರಿಯೋ ಯಾನೋ ಆ ಎಂಜಿನ್ನನ್ನು ಮೊದಲ ಗೆರೆಯಿಂದಲೇ ಸೂಪರ್‌ಚಾರ್ಜರಿಗೆಂದೇ ರೂಪಿಸಿದ್ದರು. ಬೆಂಟ್ಲಿಗೆ ಅದು ಆಮೇಲೆ ಬಂದು ಸೇರಿದ ನೆಂಟ. ವ್ಯತ್ಯಾಸವಿರುವುದು ಇಲ್ಲೇ.

"ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು" ಎಂಬ ಗಾದೆ ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿರಬಹುದು. ಎರಡೂ ಬಲಶಾಲಿಗಳೇ, ಹೊಂದಿಕೆ ಮಾತ್ರ ಇಲ್ಲ. ಹೊಸದಾಗಿ ಹಾಕಿದ ಬಿಡಿಭಾಗ ಗಟ್ಟಿಯಾಗಿದ್ದರೆ ಸಾಲದು. ಅದು ತರುವ ಹೆಚ್ಚುವರಿ ಹೊರೆ ಎಂಜಿನ್ನಿನಲ್ಲಿ ಎಲ್ಲಕ್ಕಿಂತ ಮೆತ್ತಗಿರುವ ಭಾಗವನ್ನು ಹುಡುಕಿಕೊಂಡು ಹೋಗಿ ಮುರಿಯುತ್ತದೆ. ಚಿಕ್ಕ ಪುಲ್ಲಿ ಮಾಡುವುದೂ ಇದನ್ನೇ: ಸೂಪರ್‌ಚಾರ್ಜರನ್ನು ಇನ್ನೂ ವೇಗವಾಗಿ ತಿರುಗಿಸಿ ಇನ್ನಷ್ಟು ಗಾಳಿ ತುಂಬುತ್ತದೆ.

ಮಗನಿಗೆ ಬೇಡ ಅನ್ನಲಿಲ್ಲ. ಮೂರು ಪ್ರಶ್ನೆ ಬರೆದುಕೊಟ್ಟೆ. ಹೆಚ್ಚಿನ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಕೊಡುವ ವ್ಯವಸ್ಥೆ ಇದೆಯೇ? ಹೆಚ್ಚುವ ಶಾಖವನ್ನು ತಣಿಸುವುದು ಯಾವುದು? ಇನ್ಶೂರೆನ್ಸಿನವರಿಗೆ ತಿಳಿಸಿದ್ದೀಯಾ? ಉತ್ತರಗಳು ಇನ್ನೂ ಬಂದಿಲ್ಲ, ಪುಲ್ಲಿ ಡಬ್ಬದಲ್ಲೇ ಇದೆ. ನಿಮ್ಮಲ್ಲೂ ಯಾರಾದರೂ ಹೊಸ ಭಾಗ ಕೊಳ್ಳುವ ಉತ್ಸಾಹದಲ್ಲಿದ್ದರೆ ಈ ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳಿ.