ಕುರಿಯ ಕರುಳಿನಿಂದ ನೈಲಾನ್ ತಂತಿಗೆ

ಗಿಟಾರ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸಿನಿಮಾ ಹಾಡುಗಳ ಉಕ್ಕಿನ ತಂತಿಯ ಗಿಟಾರ್. ನೈಲಾನ್ ತಂತಿಯ, ಬರಿ ಬೆರಳಿನಿಂದ ಮೀಟುವ ಕ್ಲಾಸಿಕಲ್ ಗಿಟಾರ್‌ನ ವಂಶವೇ ಬೇರೆ. ಇಂದು ಸಾಧಾರಣ ಆದಾಯದ ಮನೆಯ ಮಗುವೂ ಅದನ್ನು ಕಲಿಯಬಹುದಾಗಿದೆ. ಇದು ಸಾಧ್ಯವಾದ ಬಗೆ ಸ್ವಾರಸ್ಯಕರವಾಗಿದೆ.

ಈ ಕಥೆಯನ್ನು ಝಿರ್ಯಾಬ್‌ನಿಂದ ಆರಂಭಿಸುವುದು ರೂಢಿ. 822ರಲ್ಲಿ ಅಂದಲೂಸಿಯಾಕ್ಕೆ ಬಂದು ಕೊರ್ಡೋವಾದ ಆಸ್ಥಾನ ಸೇರಿದ ಈ ಸಂಗೀತಗಾರ ಊದ್ ವಾದ್ಯಕ್ಕೆ ಐದನೆಯ ತಂತಿ ಸೇರಿಸಿದನೆಂದೂ, ಮರದ ಕಡ್ಡಿಯ ಬದಲು ಹದ್ದಿನ ಗರಿಯಿಂದ ಮೀಟಿದನೆಂದೂ 17ನೆಯ ಶತಮಾನದ ಇತಿಹಾಸಕಾರ ಅಲ್ ಮಕ್ಕರಿ ಬರೆದಿದ್ದಾನೆ. ಅಷ್ಟಕ್ಕೇ 'ಗಿಟಾರ್ ಮುಸ್ಲಿಮರ ಆವಿಷ್ಕಾರ' ಎಂದು ಬೀಗುವುದು ಮಾತ್ರ ಅತ್ಯುತ್ಸಾಹ. ಊದ್‌ನ ನೇರ ಸಂತಾನ ಯುರೋಪಿನ ಲ್ಯೂಟ್. ಆ ಹೆಸರು ಕೂಡ 'ಅಲ್ ಊದ್'ನಿಂದಲೇ ಬಂದದ್ದು. 14ನೆಯ ಶತಮಾನದ ಸ್ಪ್ಯಾನಿಷ್ ಕವಿ ಹುವಾನ್ ರೂಯಿಸ್ 'ಮೂರರ ಗಿಟಾರ್' ಮತ್ತು 'ಲ್ಯಾಟಿನ್ ಗಿಟಾರ್' ಎಂದು ಎರಡನ್ನು ಬೇರೆ ಬೇರೆಯಾಗಿ ಹೆಸರಿಸುತ್ತಾನೆ. ಎರಡೂ ಒಂದೇ ನೆಲದಲ್ಲಿ ಮೊಳಗುತ್ತಿದ್ದವು ಎಂಬುದೇ ಮುಖ್ಯ.

ಇಂದಿನ ರೂಪ ಕೊಟ್ಟವನು ಅಲ್ಮೇರಿಯಾದ ಬಡಗಿ ಆಂಟೋನಿಯೋ ದೆ ಟೊರೆಸ್ (1817-1892). ದೊಡ್ಡ ಒಡಲು, ಸುಮಾರು 650 ಮಿಲಿಮೀಟರ್ ತಂತಿಯಳತೆ, ಮೇಲ್ಹಲಗೆಯ ಒಳಬದಿಗೆ ಬೀಸಣಿಗೆಯಂತೆ ಹರಡಿದ ಪಟ್ಟಿಗಳು: ಇವೆಲ್ಲ ಅವನ ಕೈಯಲ್ಲಿ ನೆಲೆಗೊಂಡವು. 1862ರಲ್ಲಿ ಅವನೊಂದು ವಿಚಿತ್ರ ಪ್ರಯೋಗ ಮಾಡಿದ. ಹಿಂಬದಿ ಮತ್ತು ಪಕ್ಕಗಳನ್ನು ರಟ್ಟಿನಲ್ಲಿ ಮಾಡಿ, ಮೇಲ್ಹಲಗೆಗೆ ಮಾತ್ರ ಒಳ್ಳೆಯ ಮರ ಹಾಕಿದ. ನಾದದ ಗುಟ್ಟಿರುವುದು ಮೇಲ್ಹಲಗೆಯಲ್ಲಿ ಎಂದು ತೋರಿಸುವುದು ಅವನ ಉದ್ದೇಶ. ಆ ಗಿಟಾರ್ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಅಗ್ಗದ ಗಿಟಾರ್ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲವೆಂದೇ ನನ್ನ ಅನಿಸಿಕೆ.

ತಂತಿಯ ಕಥೆ ಇನ್ನೊಂದು. ತೆಳುವಾದ ಮೂರು ತಂತಿಗಳು ಕುರಿಯ ಕರುಳಿನವು, ದಪ್ಪನೆಯ ಮೂರು ಲೋಹದ ಎಳೆ ಸುತ್ತಿದ ರೇಷ್ಮೆಯವು. ಕರುಳಿನ ತಂತಿ ದುಬಾರಿ. ಹವೆ ಬದಲಾದರೆ ಶ್ರುತಿ ಕೆಡುತ್ತದೆ, ಬೇಗ ತುಂಡಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಗಾಯಾಳುಗಳ ಹೊಲಿಗೆಗೆ ಕರುಳಿನ ದಾರ ಬೇಕಾಯಿತು. ವಾದಕರಿಗೆ ತಂತಿ ಸಿಗದಾಯಿತು. ಡ್ಯುಪಾಂಟ್ ಕಂಪೆನಿಯಲ್ಲಿ 1935ರಲ್ಲಿ ರೂಪುಗೊಂಡಿದ್ದ ನೈಲಾನ್ ಆಗ ನೆರವಿಗೆ ಬಂತು. ನ್ಯೂಯಾರ್ಕಿನ ವಾದ್ಯ ತಯಾರಕ ಆಲ್ಬರ್ಟ್ ಆಗಸ್ಟೀನ್ ಅದನ್ನು ತಂತಿಯಾಗಿಸಿದರು. ಮಹಾನ್ ವಾದಕ ಆಂದ್ರೆಸ್ ಸೆಗೋವಿಯಾ ಅದನ್ನು ಒಪ್ಪಿ ನುಡಿಸಿದ ಬಳಿಕ ಕರುಳಿನ ತಂತಿಯ ಕಾಲ ಮುಗಿಯಿತು. ಗಾಯ ಹೊಲಿಯುವ ದಾರದ ಅಭಾವವೇ ವಾದ್ಯವನ್ನು ಅಗ್ಗವಾಗಿಸಿತೆಂಬುದು ಯುದ್ಧದ ಇತಿಹಾಸದಲ್ಲಿ ಯಾರೂ ಬರೆದಿಡುವ ಸಂಗತಿಯಲ್ಲ!

ಈಗ ಅಂಗಡಿಗೆ ಬರೋಣ. ಯಮಾಹಾದ ಸಿ-40 ಗಿಟಾರ್‌ನ ಮೇಲ್ಹಲಗೆ ಸ್ಪ್ರೂಸ್ ಮರದ ಪದರಗಳನ್ನು ಅಂಟಿಸಿದ್ದು, ಅಂದರೆ ಒಂದು ಬಗೆಯ ಪ್ಲೈವುಡ್. ಕೊರ್ಡೋಬಾ ಕಂಪೆನಿಯ ಸಿ-5ರದ್ದು ಸೀಡರ್ ಮರದ ಇಡೀ ಹಲಗೆ, ಬೆಲೆಯೂ ಹೆಚ್ಚು. ಸೀಡರ್‌ನ ನಾದ ಬೆಚ್ಚಗೆ, ತುಂಬಿಕೊಂಡಂತೆ. ಸಿ-40ರದ್ದು ಸ್ಪಷ್ಟ, ಸ್ವಲ್ಪ ಶುಷ್ಕ. ಟೊರೆಸ್‌ನ ಮಾತು ನಂಬುವುದಾದರೆ ಸಿ-5 ಮೇಲು. ಆದರೆ ಇಡೀ ಹಲಗೆ ತೇವಕ್ಕೆ ಉಬ್ಬುತ್ತದೆ, ಒಣ ಹವೆಗೆ ಬಿರುಕು ಬಿಡುತ್ತದೆ. ನಮ್ಮ ಕರಾವಳಿಯ ಮಳೆಗಾಲ ಬಲ್ಲವರಿಗೆ ಇದು ಸಣ್ಣ ವಿಷಯವಲ್ಲ. ಕಲಿಯುವ ಮಗುವಿಗೆ ಸಿ-40 ಸಾಕೆಂದೇ ನಾನು ಹೇಳುತ್ತೇನೆ. ಅಂದಹಾಗೆ, ಝಿರ್ಯಾಬ್‌ನ ಊರಿನ ಹೆಸರಿಟ್ಟುಕೊಂಡ ಈ ಕೊರ್ಡೋಬಾ ಅಮೆರಿಕದ ಕಂಪೆನಿ. 2023ರಲ್ಲಿ ಅದನ್ನು ಯಮಾಹಾ ಬಳಗವೇ ಕೊಂಡುಕೊಂಡಿತು.

ನಮ್ಮ ನಾಡಿಗೂ ಇಲ್ಲೊಂದು ಪಾಲಿದೆ. ದುಬಾರಿ ಗಿಟಾರ್‌ಗಳ ಹಿಂಬದಿಗೆ ಮೆಚ್ಚಿನ ಮರವಾಗಿದ್ದ ಬ್ರೆಜಿಲ್‌ನ ರೋಸ್‌ವುಡ್ ವ್ಯಾಪಾರಕ್ಕೆ 1992ರಲ್ಲಿ ಅಂತಾರಾಷ್ಟ್ರೀಯ ತಡೆ ಬಿತ್ತು. ಅದರ ಜಾಗದಲ್ಲಿ ಹೆಚ್ಚಾಗಿ ಬಳಕೆಯಾದದ್ದು ಪಶ್ಚಿಮ ಘಟ್ಟದಲ್ಲೂ ಬೆಳೆಯುವ ನಮ್ಮ ಬೀಟೆ ಮರ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ನೈಲಾನ್ ಗಿಟಾರ್‌ಗೆ ಉಕ್ಕಿನ ತಂತಿ ಬಿಗಿಯಬೇಡಿ. ಉಕ್ಕಿನ ಎಳೆತ ಹೆಚ್ಚುಕಡಿಮೆ ಎರಡು ಪಟ್ಟು. ಬೀಸಣಿಗೆ ಪಟ್ಟಿಗಳು ಅಷ್ಟು ಭಾರ ತಾಳುವುದಿಲ್ಲ. ಹಲಗೆ ಉಬ್ಬಿ, ತಂತಿ ಕಟ್ಟುವ ಮರದ ತುಂಡು ಕಿತ್ತು ಬರುತ್ತದೆ.