ದೇರೆಬೈಲಿನ ಹೊತ್ತು, ಗಡಿಯಾರದ ಗಂಟೆ

ಮಂಗಳೂರಿನ ದೇರೆಬೈಲಿನ ಮನೆಯೊಂದರ ಅಂಗಳದ ದೀಪ ಹೊತ್ತಿಸಲು, ಬಾವಿಯ ಪಂಪು ನಡೆಸಲು ಈಗ ಅಂಗೈಯಗಲದ ಕಂಪ್ಯೂಟರು ಮತ್ತು ಪೈಥಾನಿನ ಕೆಲವು ಸಾಲು ಸಾಕು. ಆ ಸಾಲುಗಳಲ್ಲಿ ‘ಸಂಜೆ 6.30’ ಎಂದು ಬರೆದುಬಿಡುವುದು ಸುಲಭ. ಆದರೆ ಕರಾವಳಿಯ ಮನೆಗಳು ಹಾಗೆ ಬಿಗಿದಿಟ್ಟ ಅಂಕೆಯ ಮೇಲೆ ನಡೆದದ್ದು ಇತ್ತೀಚೆಗಷ್ಟೇ. ಅದಕ್ಕೂ ಮೊದಲು ಹೊತ್ತು ಅಳೆಯುತ್ತಿದ್ದುದು ಗಳಿಗೆ ಬಟ್ಟಲು: ತಳದಲ್ಲಿ ಸಣ್ಣ ತೂತಿರುವ ಬಟ್ಟಲು ನೀರಿನ ಮೇಲೆ ತೇಲಿ, ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ದಿನಕ್ಕೆ 60 ಗಳಿಗೆ. ಎಣಿಕೆ ಶುರುವಾಗುತ್ತಿದ್ದುದು ಸೂರ್ಯೋದಯದಿಂದ. ಮಂಗಳೂರಿನಲ್ಲಿ ಸೂರ್ಯ ಹುಟ್ಟುವ ಹೊತ್ತು ವರ್ಷದೊಳಗೆ ಸುಮಾರು 50 ನಿಮಿಷ ಆಚೀಚೆಯಾಗುತ್ತದೆ. ಹಾಗಾಗಿ ಹತ್ತನೇ ಗಳಿಗೆ ಜನವರಿಯಲ್ಲಿ ಒಂದು ಹೊತ್ತಿಗೆ ಬಂದರೆ ಜೂನ್‌ನಲ್ಲಿ ಇನ್ನೊಂದು ಹೊತ್ತಿಗೆ. ವೇಳಾಪಟ್ಟಿಯ ಒಳಗೇ ಬದಲಾವಣೆಗೆ ಜಾಗವಿತ್ತು.

ಅಂಕೆಯ ಬಿಗಿ ಬಂದದ್ದು ಕೂಲಿಯ ಜೊತೆಗೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಇನ್ನಷ್ಟು ಕಾರ್ಖಾನೆಗಳು ಎದ್ದವು. ಕಾರ್ಖಾನೆಯ ಗೇಟು ಸೂರ್ಯನನ್ನು ಕಾಯುವುದಿಲ್ಲ. 1906ರಲ್ಲಿ ಭಾರತೀಯ ಪ್ರಮಾಣ ಕಾಲ ಬಂತು, 1907ರಲ್ಲಿ ರೈಲು. ಆ ಪ್ರಮಾಣ ಕಾಲ 82.5 ಡಿಗ್ರಿ ರೇಖಾಂಶದ್ದು. ಅದರ ಪ್ರಕಾರ ಮಂಗಳೂರಿನ ನಡುಮಧ್ಯಾಹ್ನ ಸರಾಸರಿ 12.30ಕ್ಕೆ. ಊರಿನ ನೆತ್ತಿಯ ಸೂರ್ಯನಿಗೂ ಊರಿನ ಗಡಿಯಾರಕ್ಕೂ ಅಂದೇ ಅರ್ಧ ಗಂಟೆಯ ಅಂತರ ಬಿತ್ತು. ಹಾಗೆಂದು ಗಡಿಯಾರ ಪೂರ್ತಿ ಗೆಲ್ಲಲಿಲ್ಲ. ಇಗರ್ಜಿಯ ಗಂಟೆ ಗಡಿಯಾರ ನೋಡುತ್ತದೆ, ಮಸೀದಿಯ ಬಾಂಗ್ ಇಂದಿಗೂ ಸೂರ್ಯನ ಜೊತೆ ಸರಿಯುತ್ತದೆ, ಮದುವೆಯ ಮುಹೂರ್ತ ಪಂಚಾಂಗ ಕೇಳುತ್ತದೆ. ಗಳಿಗೆ ಬಟ್ಟಲು ಜೋಯಿಸರ ಸೊತ್ತು, ಗದ್ದೆಯ ಆಳಿಗೆ ಅದರಿಂದೇನು ಎಂದು ಕೇಳಬಹುದು. ನಿಜವೇ, ಆದರೆ ಕೋಳಿ ಕೂಗು, ನೆರಳಿನ ಉದ್ದ ನೋಡಿ ದುಡಿದ ಆ ಆಳಿನ ದಿನವೂ ಸೂರ್ಯನದ್ದೇ ಆಗಿತ್ತು. ಇಂದಿನ ಶಾಲೆಯ ವ್ಯಾನು ಗಡಿಯಾರಕ್ಕೇ ಬರುತ್ತದಲ್ಲ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಅದನ್ನು ಒಪ್ಪಲೇಬೇಕು. ಆದರೆ ಅದೇ ವ್ಯಾನು ಏಪ್ರಿಲ್ ರಜೆಯಲ್ಲಿ ಬರುವುದಿಲ್ಲ. ಆಗ ಬೆಳಗಿನ ಗೀಸರಿನ ಹೊತ್ತನ್ನು ಮುಂದೂಡಬೇಕಾದವರು ಮನೆಯವರು, ಪ್ರೋಗ್ರಾಮು ಬರೆದವರಲ್ಲ.

ಕಂಪ್ಯೂಟರಿನಲ್ಲೂ ಇದೇ ಕಥೆ. ಗೊತ್ತುಮಾಡಿದ ಹೊತ್ತಿಗೆ ಕೆಲಸ ನಡೆಸುವ, 1970ರ ದಶಕದ ಯುನಿಕ್ಸ್‌ನ ಕ್ರಾನ್ ಎಂಬ ಪ್ರೋಗ್ರಾಮು ಹೊತ್ತನ್ನು ಕೆಲಸದ ಸಾಲಿನೊಳಗೇ ಬರೆದಿಡುತ್ತಿತ್ತು. ಸರ್ವರ್ ಕಂಪ್ಯೂಟರಿಗೆ ಅದು ಸರಿ. ಅದಕ್ಕೆ ನೆಂಟರೂ ಇಲ್ಲ, ಪರೀಕ್ಷೆಯೂ ಇಲ್ಲ. 2013ರಲ್ಲಿ ಪೌಲುಸ್ ಸ್ಕೌಟ್ಸೆನ್ ಪೈಥಾನಿನಲ್ಲಿ ಶುರುಮಾಡಿದ, ಮನೆಯ ಉಪಕರಣಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶದಲ್ಲಿ ‘ಸೂರ್ಯಾಸ್ತಕ್ಕೆ 15 ನಿಮಿಷ ಮೊದಲು’ ಎಂದೂ ಹೇಳಬಹುದು, ಹೊತ್ತನ್ನು ಬೇರೆಯೇ ಇಟ್ಟು ಮೊಬೈಲಿನಿಂದ ತಿದ್ದಲೂಬಹುದು. ನನಗೆ ಇದು ಹೊಸ ಸೌಕರ್ಯಕ್ಕಿಂತ ಹಳೆಯ ರೂಢಿಯ ಮರುಪ್ರವೇಶವಾಗಿ ಕಾಣುತ್ತದೆ. ತಾವೇ ಪ್ರೋಗ್ರಾಮು ಬರೆಯುವವರು ಒಂದನ್ನು ಮರೆಯಬಾರದು: ಹೊತ್ತು ತಿದ್ದಿದಾಗ ಹಳೆಯ ಸರದಿಯನ್ನು ರದ್ದು ಮಾಡಬೇಕು, ಇಲ್ಲವಾದರೆ ಪಂಪು ಎರಡು ಸಲ ಓಡುತ್ತದೆ. ತಿದ್ದಿದ ಹೊತ್ತು ಫೈಲಿನಲ್ಲಿ ಉಳಿಯಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಮೆಮೊರಿಯಲ್ಲಿದ್ದದ್ದು ಅಳಿಸಿಹೋಗುತ್ತದೆ. ತಪ್ಪಿದ ಸರದಿಯ ವಿಚಾರ ಇನ್ನೂ ಸೂಕ್ಷ್ಮ: ಕರೆಂಟು ಬಂದ ಮೇಲೆ ಪಂಪನ್ನು ತಡವಾಗಿ ನಡೆಸಿದರೂ ನಡೆಯುತ್ತದೆ, ಬೆಳಗಿನ ಅಲಾರಾಂ ಮಧ್ಯಾಹ್ನ ಹೊಡೆದರೆ ಯಾರಿಗೂ ಬೇಡ. ಕೆಲಸಗಳ ಸರದಿ ನೋಡಿಕೊಳ್ಳುವ ಪೈಥಾನಿನ ಎಪಿಶೆಡ್ಯೂಲರ್‌ನಲ್ಲಿ ಎಷ್ಟು ತಡವಾದರೆ ಕೆಲಸ ಕೈಬಿಡಬೇಕೆಂದು ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಗೊತ್ತುಮಾಡಬಹುದು. ಆ ಅವಧಿಯನ್ನೂ ಮನೆಯವರ ಕೈಗೇ ಕೊಡಬೇಕು.